ಹಿತ್ತಲ ಕೋಳಿಗಳಿಗೆ ಎರಡು ಬಟ್ಟಲು: ಕಲ್ಲಿನ ಚೂರು ಮತ್ತು ಚಿಪ್ಪಿನ ಚೂರು

ನಮಸ್ಕಾರ. ಬೆಂಗಳೂರಿನ ಯಲಹಂಕದಲ್ಲಿರುವ ನಮ್ಮ ಮನೆಯ ಹಿತ್ತಲಲ್ಲಿ, ಕೋಳಿಗೂಡಿನ ಜಾಲರಿಗೆ ಕಟ್ಟಿರುವ ಈ ಎರಡು ಬಟ್ಟಲುಗಳನ್ನು ನೋಡಿ. ಒಂದರಲ್ಲಿ ಕಲ್ಲಿನ ಚೂರುಗಳಿವೆ, ಇನ್ನೊಂದರಲ್ಲಿ ಅಂಗಡಿಯವರು ಶೆಲ್ ಗ್ರಿಟ್ ಎಂದು ಕೊಡುವ ಕಪ್ಪೆಚಿಪ್ಪಿನ ಚೂರುಗಳಿವೆ. ಒಂದಿದ್ದರೆ ಇನ್ನೊಂದು ಬೇಡವೆಂದು ಭಾವಿಸುವವರು ಹಲವರಿದ್ದಾರೆ, ಆದರೆ ಇವೆರಡರ ಕೆಲಸವೇ ಬೇರೆ.

ಕೋಳಿಗೆ ಹಲ್ಲಿಲ್ಲ. ನುಂಗಿದ ಜೋಳ, ರಾಗಿ, ಸೊಪ್ಪು ಮೊದಲು ಕತ್ತಿನ ಬುಡದ ಚೀಲದಲ್ಲಿ ನೆನೆದು, ಆಮೇಲೆ ಗಿಜರ್ಡ್ ಎಂಬ ದಪ್ಪ ಸ್ನಾಯುಗಳ ಜಠರವನ್ನು ಸೇರುತ್ತದೆ, ಅಲ್ಲಿ ಕೋಳಿ ಮೊದಲೇ ನುಂಗಿಟ್ಟುಕೊಂಡಿರುವ ಕಲ್ಲಿನ ಚೂರುಗಳ ನಡುವೆ ಸಿಕ್ಕಿ ನುರಿಯುತ್ತದೆ. ಆ ಚೂರುಗಳು ಜಠರದ ಆಮ್ಲದಲ್ಲಿ ಕರಗುವುದಿಲ್ಲ, ಸವೆದು ಸಣ್ಣದಾದಾಗ ಹಿಕ್ಕೆಯೊಂದಿಗೆ ಹೊರಹೋಗುತ್ತವೆ. ಹೀಗಾಗಿ ಹೊಸ ಕಲ್ಲು ಸಿಗುತ್ತಲೇ ಇರಬೇಕು. ಪುಡಿ ಮಾಡಿದ ಸಿದ್ಧ ಆಹಾರವನ್ನಷ್ಟೇ ತಿನ್ನುವ ಕೋಳಿಗಳಿಗೆ ಇದರ ಅಗತ್ಯವಿಲ್ಲ, ಇಡೀ ಕಾಳು ಮತ್ತು ಸೊಪ್ಪು ತಿನ್ನುವ ಕೋಳಿಗಳಿಗೆ ಬೇಕೇ ಬೇಕು.

ಈ ವಿಷಯದಲ್ಲಿ ಬೆಂಗಳೂರಿನವರು ಪುಣ್ಯವಂತರು. ಲಾಲ್‌ಬಾಗಿನ ಗುಡ್ಡದಲ್ಲಿ ಕಾಣುವಂಥ ಬಂಡೆ ಶಿಥಿಲವಾಗಿಯೇ ನಮ್ಮ ಕೆಂಪು ಮಣ್ಣು ಆಗಿದೆ, ಗಟ್ಟಿಯಾದ ಬೆಣಚುಕಲ್ಲಿನ ಹರಳುಗಳು ಆ ಮಣ್ಣಿನಲ್ಲಿ ಹಾಗೆಯೇ ಉಳಿದಿರುತ್ತವೆ. ಮಣ್ಣು ಕೆದಕಲು ಬಿಟ್ಟ ಕೋಳಿ ತನಗೆ ಬೇಕಾದ ಕಲ್ಲನ್ನು ತಾನೇ ಆರಿಸಿಕೊಳ್ಳುತ್ತದೆ. ತಾರಸಿಯ ಮೇಲೆ ಅಥವಾ ಸಿಮೆಂಟ್ ನೆಲದಲ್ಲಿ ಸಾಕುವವರು ಮಾತ್ರ ಬಟ್ಟಲಲ್ಲಿಡಬೇಕು. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದಾರೆಂದು ಅಲ್ಲಿಂದ ಮರಳು ತಂದು ಹಾಕಬೇಡಿ. ಅದರಲ್ಲಿ ಸಿಮೆಂಟ್, ತಂತಿಯ ತುಂಡು, ಮೊಳೆ ಸೇರಿರಬಹುದು, ಚೂಪಾದ ಲೋಹ ಗಿಜರ್ಡನ್ನು ಚುಚ್ಚಿ ಕೋಳಿಯ ಪ್ರಾಣಕ್ಕೇ ಎರವಾಗುತ್ತದೆ.

ಆದರೆ ಇದೇ ಮಣ್ಣಿನಲ್ಲಿ ಸುಣ್ಣದ ಅಂಶ ಕಡಿಮೆ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ನಮ್ಮ ಊಟದಲ್ಲಿ ಕ್ಯಾಲ್ಸಿಯಂಗೆ ಹೆಸರಾದ ರಾಗಿಯಲ್ಲಿ ಕೂಡ 100 ಗ್ರಾಂಗೆ ಇರುವುದು ಸುಮಾರು 350 ಮಿಲಿಗ್ರಾಂ ಮಾತ್ರ, ಅದೂ ಪೂರ್ತಿ ದೇಹಕ್ಕೆ ಹತ್ತುವುದಿಲ್ಲ. ಕಾಳು ಮತ್ತು ಅಡುಗೆಮನೆಯ ಸೊಪ್ಪಿನಿಂದಲೇ ಮೊಟ್ಟೆ ಪಡೆಯುತ್ತಿದ್ದರೆ, ಆ ಹೇಂಟೆ ತನ್ನ ಮೂಳೆಯಲ್ಲಿರುವುದನ್ನು ಕರಗಿಸಿ ಚಿಪ್ಪು ಕಟ್ಟುತ್ತಿದೆ ಎಂದರ್ಥ. ಮೊದಲು ಚಿಪ್ಪು ತೆಳುವಾಗುತ್ತದೆ, ನಂತರ ಕಾಲು ಸೋಲುತ್ತವೆ.

ಚಿಪ್ಪು ಕಟ್ಟಲು ಸುಮಾರು 20 ಗಂಟೆ ಬೇಕಾಗುತ್ತದೆ, ಅದರ ಹೆಚ್ಚಿನ ಭಾಗ ಕೋಳಿ ಮೇವು ಮುಟ್ಟದ ರಾತ್ರಿಯಲ್ಲೇ ನಡೆಯುತ್ತದೆ. ಆದ್ದರಿಂದ ನಾನು ಚಿಪ್ಪಿನ ಬಟ್ಟಲನ್ನು ಸಂಜೆ ತುಂಬುತ್ತೇನೆ, ನಯವಾದ ಪುಡಿಯನ್ನಲ್ಲದೆ 2ರಿಂದ 5 ಮಿಲಿಮೀಟರ್ ಗಾತ್ರದ ಚೂರುಗಳನ್ನೇ ಹಾಕುತ್ತೇನೆ. ದಪ್ಪ ಚೂರು ಗಿಜರ್ಡಿನಲ್ಲಿ ನಿಧಾನವಾಗಿ ಕರಗುತ್ತಾ ಇರುಳಿಡೀ ಕ್ಯಾಲ್ಸಿಯಂ ಒದಗಿಸುತ್ತದೆ. ಈಗ ಈ ಕಂದು ಹೇಂಟೆಯನ್ನು ಗಮನಿಸಿ: ಕತ್ತು ಓರೆ ಮಾಡಿ ನೋಡಿ, ಕೊಕ್ಕಿನಿಂದ ಪುಡಿಯನ್ನು ಬದಿಗೆ ತಳ್ಳಿ, ದಪ್ಪ ಚೂರನ್ನೇ ಹೆಕ್ಕುತ್ತಿದೆ. ತನಗೆ ಎಷ್ಟು ಬೇಕೆಂಬುದು ಮೊಟ್ಟೆಯಿಡುವ ಕೋಳಿಗೆ ಚೆನ್ನಾಗಿ ತಿಳಿದಿರುತ್ತದೆ.

ಇದನ್ನು ಮೇವಿನಲ್ಲಿ ಬೆರೆಸದೆ ಪ್ರತ್ಯೇಕವಾಗಿಡಬೇಕೆಂದು ನಾನು ಒತ್ತಿ ಹೇಳುವುದಕ್ಕೂ ಇದೇ ಕಾರಣ. ಬೆರೆಸಿದರೆ ಹುಂಜಗಳೂ ಮರಿಗಳೂ ಬೇಡದಿದ್ದರೂ ತಿನ್ನಬೇಕಾಗುತ್ತದೆ, ಬೆಳೆಯುವ ಮರಿಗಳ ಮೂತ್ರಪಿಂಡಗಳು ಆ ಹೊರೆಯನ್ನು ತಾಳಲಾರವು. ಮೊಟ್ಟೆ ಕೋಳಿಯ ಸಿದ್ಧ ಆಹಾರದಲ್ಲಿ ಶೇಕಡಾ 3.5ರಿಂದ 4ರಷ್ಟು ಕ್ಯಾಲ್ಸಿಯಂ ಇರುತ್ತದೆ, ಮರಿಗಳಿಗೆ ಬೇಕಿರುವುದು ಶೇಕಡಾ 1ರ ಆಸುಪಾಸು.

ಮನೆಯಲ್ಲಿ ಉಳಿದ ಮೊಟ್ಟೆಯ ಚಿಪ್ಪನ್ನೂ ಕೊಡಬಹುದು. ತೊಳೆದು, ಬಾಣಲೆಯಲ್ಲಿ ಚೆನ್ನಾಗಿ ಬಿಸಿ ಮಾಡಿ, ಮೊಟ್ಟೆಯ ಆಕಾರ ಗುರುತು ಸಿಗದಂತೆ ಪುಡಿ ಮಾಡಿ ಕೊಡಿ. ಎಲೆಯಡಿಕೆಯ ಸುಣ್ಣವನ್ನು ಮಾತ್ರ ಬಳಸಬೇಡಿ, ಅದು ಚಿಪ್ಪಿನಂತೆ ಕ್ಯಾಲ್ಸಿಯಂ ಕಾರ್ಬೊನೇಟ್ ಅಲ್ಲ, ಬಾಯಿ ಮತ್ತು ಗಂಟಲನ್ನು ಸುಡುವ ಕ್ಷಾರ.

ಚಿಪ್ಪಿನ ಬಟ್ಟಲು ತುಂಬಿದ್ದರೂ ಮಾರ್ಚ್, ಏಪ್ರಿಲ್‌ನಲ್ಲಿ ಮೊಟ್ಟೆಗಳು ತೆಳುವಾದರೆ ಬಿಸಿಲಿನ ಕಡೆ ಗಮನ ಕೊಡಿ. ಏದುಸಿರು ಬಿಡುವ ಕೋಳಿ ಇಂಗಾಲದ ಡೈಆಕ್ಸೈಡನ್ನು ಹೆಚ್ಚಾಗಿ ಹೊರಹಾಕುವುದರಿಂದ ಚಿಪ್ಪಿಗೆ ಬೇಕಾದ ಕಾರ್ಬೊನೇಟ್ ರಕ್ತದಲ್ಲಿ ಕಡಿಮೆಯಾಗುತ್ತದೆ. ಆಗ ಇನ್ನಷ್ಟು ಚಿಪ್ಪು ಸುರಿಯುವುದರಿಂದ ಪ್ರಯೋಜನವಿಲ್ಲ. ಗೂಡಿನ ಮೇಲೆ ನೆರಳು ಕಟ್ಟಿ, ನೀರನ್ನು ಮಧ್ಯಾಹ್ನ ಮತ್ತೊಮ್ಮೆ ಬದಲಿಸಿ, ಮೇವನ್ನು ಬೆಳಗಿನ ತಂಪಿನಲ್ಲೇ ಕೊಟ್ಟು ಮುಗಿಸಿ.