ಪ್ಲಾಸ್ಮಾ ಕೊಡಿಸಿದ ಮೇಲೆ ಗುಣವಾಯಿತು ಎಂದರೆ ಸಾಲದು

ನಮಸ್ಕಾರ. ಕೋವಿಡ್‌ನ ಎರಡನೇ ಅಲೆಯಲ್ಲಿ ಮಂಗಳೂರು, ಉಡುಪಿಯ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬರುತ್ತಿದ್ದ ‘ಪ್ಲಾಸ್ಮಾ ತುರ್ತಾಗಿ ಬೇಕು’ ಎಂಬ ಸಂದೇಶಗಳು ನಿಮಗೂ ನೆನಪಿರಬಹುದು. ಕೋವಿಡ್‌ನಿಂದ ಗುಣವಾದವರ ರಕ್ತದ ದ್ರವಭಾಗವೇ ಆ ಪ್ಲಾಸ್ಮಾ. ಅದನ್ನು ಕೊಡುವ ದಾನಿಗಳಿಗಾಗಿ ಮನೆಯವರು ಊರೆಲ್ಲ ಅಲೆದರು. ಅವರನ್ನು ನಾನು ಎಳ್ಳಷ್ಟೂ ದೂರುವುದಿಲ್ಲ.

ಆದರೆ ಪ್ಲಾಸ್ಮಾದಿಂದ ನಿಜಕ್ಕೂ ಪ್ರಯೋಜನವಿದೆಯೇ ಎಂಬ ಪ್ರಶ್ನೆಗೆ ಉತ್ತರ ಅಷ್ಟರೊಳಗೆ ನಮ್ಮ ದೇಶದಲ್ಲೇ ಸಿಕ್ಕಿತ್ತು. 2020ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 39 ಆಸ್ಪತ್ರೆಗಳ 464 ರೋಗಿಗಳ ಮೇಲೆ ಪ್ಲಾಸಿಡ್ ಎಂಬ ಅಧ್ಯಯನ ನಡೆಸಿತು. ಪ್ಲಾಸ್ಮಾ ಯಾರಿಗೆ ಎಂಬುದನ್ನು ವೈದ್ಯರೂ ಆರಿಸಲಿಲ್ಲ, ಮನೆಯವರೂ ಆರಿಸಲಿಲ್ಲ. ಚೀಟಿ ಎತ್ತಿದ ಹಾಗೆ ನಿರ್ಧಾರವಾಯಿತು. ಪ್ಲಾಸ್ಮಾ ಪಡೆದ 235 ಮಂದಿಯಲ್ಲಿ 44 ಮಂದಿಗೆ ರೋಗ ಉಲ್ಬಣಿಸಿತು ಇಲ್ಲವೇ ಅವರು ತೀರಿಕೊಂಡರು. ಪಡೆಯದ 229 ಮಂದಿಯಲ್ಲಿ ಅಂಥವರು 41. ಅಂದರೆ ಶೇ 19 ಮತ್ತು ಶೇ 18. ಪ್ಲಾಸ್ಮಾ ಪಡೆಯದವರಲ್ಲೂ ಹೆಚ್ಚಿನವರು ಚೇತರಿಸಿಕೊಂಡರು ಎಂಬುದನ್ನು ಗಮನಿಸಿ. ‘ನಮ್ಮ ಮಾವನಿಗೆ ಕೊಡಿಸಿದೆವು, ಗುಣವಾಯಿತು’ ಎಂಬ ಮಾತಿನಲ್ಲಿ ಕಾಣದೆ ಹೋಗುವವರು ಇವರೇ.

ಫಲಿತಾಂಶ 2020ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ಚಿಕಿತ್ಸಾ ಮಾರ್ಗಸೂಚಿಯಿಂದ ಪ್ಲಾಸ್ಮಾವನ್ನು ಕೈಬಿಟ್ಟದ್ದು 2021ರ ಮೇ ತಿಂಗಳಲ್ಲಿ. ನಡುವಿನ ಆ ತಿಂಗಳುಗಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಔಷಧ ಕೆಲಸ ಮಾಡುತ್ತದೆ ಎಂದು ಸಾಬೀತಾದರೂ ‘ಯಾರಿಗೆ, ಯಾವ ಹಂತದಲ್ಲಿ’ ಎಂಬ ಪ್ರಶ್ನೆ ಉಳಿಯುತ್ತದೆ. ಬ್ರಿಟನ್ನಿನ ರಿಕವರಿ ಅಧ್ಯಯನದಲ್ಲಿ ವೆಂಟಿಲೇಟರ್‌ನಲ್ಲಿದ್ದವರಿಗೆ ಡೆಕ್ಸಾಮೆಥಾಸೋನ್ ಕೊಟ್ಟಾಗ 28 ದಿನಗಳೊಳಗಿನ ಸಾವು ಶೇ 41.4ರಿಂದ ಶೇ 29.3ಕ್ಕೆ ಇಳಿಯಿತು. ಅಗ್ಗದ, ಹಳೆಯ ಸ್ಟೀರಾಯ್ಡ್ ಅದು! ಆದರೆ ಆಮ್ಲಜನಕದ ಅಗತ್ಯವೇ ಇಲ್ಲದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಹಾಗಿದ್ದೂ ಜ್ವರ ಬಂದ ಎರಡನೇ ದಿನವೇ ಮನೆಯಲ್ಲಿ ಸ್ಟೀರಾಯ್ಡ್ ನುಂಗಿದವರಿದ್ದರು.

ಸಾಕ್ಷ್ಯಾಧಾರಿತ ವೈದ್ಯಕೀಯ ಎಂದರೆ ಅಂಕಿಅಂಶಗಳನ್ನು ರೋಗಿಯ ಮೇಲೆ ಹೇರುವುದಲ್ಲ. ಉತ್ತಮ ಅಧ್ಯಯನ, ವೈದ್ಯರ ಅನುಭವ, ರೋಗಿಯ ಇಷ್ಟಾನಿಷ್ಟ, ಈ ಮೂರೂ ಅದರಲ್ಲಿ ಸೇರಬೇಕು. ಎಂಬತ್ತು ದಾಟಿದ ಅಜ್ಜಿ ‘ನನಗೆ ಐಸಿಯು ಬೇಡ, ಮನೆಯಲ್ಲೇ ಇರುತ್ತೇನೆ’ ಎಂದರೆ ಆ ಮಾತಿಗೂ ತೂಕವಿದೆ.

ಮಣಿಪಾಲದಲ್ಲಿ 1953ರಿಂದ ವೈದ್ಯಕೀಯ ಕಾಲೇಜು ಇದೆ, ಮಂಗಳೂರಿನಲ್ಲಂತೂ ಹಲವಿವೆ. ಇಂಥ ಕಾಲೇಜುಗಳ ಜರ್ನಲ್ ಕ್ಲಬ್‌ಗಳಲ್ಲಿ ಸಂಶೋಧನಾ ಲೇಖನಗಳನ್ನು ಎಳೆ ಎಳೆಯಾಗಿ ಬಿಡಿಸಿ ನೋಡುತ್ತಾರೆ. ಆ ಚರ್ಚೆ ಇಂಗ್ಲಿಷ್‌ನಲ್ಲಿ ನಡೆದು ನಾಲ್ಕು ಗೋಡೆಗಳೊಳಗೇ ಮುಗಿಯಬೇಕೇ? ಡಾಕ್ಟ್ರೇ, ತಿಂಗಳಿಗೊಂದು ಅಧ್ಯಯನವನ್ನು ಕನ್ನಡದಲ್ಲಿ, ತುಳುವಿನಲ್ಲಿ ಮಂಗಳೂರು ಆಕಾಶವಾಣಿಯ ಮೂಲಕ ನಮಗೂ ವಿವರಿಸಿ: ಔಷಧ ಪಡೆದ ನೂರು ಮಂದಿಯಲ್ಲಿ ಎಷ್ಟು ಮಂದಿಗೆ ಗುಣವಾಯಿತು, ಪಡೆಯದ ನೂರು ಮಂದಿಯಲ್ಲಿ ಎಷ್ಟು ಮಂದಿಗೆ?