ಮರಗಟ್ಟಿದ ತುಟಿ ತಿಳಿಯಾಗುವ ಮುನ್ನ

ಕೇಳುಗರಿಗೆ ನಮಸ್ಕಾರ. ಬುದ್ಧಿಹಲ್ಲು ಕೀಳಿಸಿಕೊಂಡವರಿಗೆ ಹತ್ತಿ ಕಚ್ಚಿಸಿ ಕಳುಹಿಸುವಾಗ ವೈದ್ಯರು ನೋವಿನ ಮಾತ್ರೆ ಬರೆದುಕೊಡುತ್ತಾರೆ. ತುಟಿ ಇನ್ನೂ ಮರಗಟ್ಟಿರುತ್ತದೆ. ‘ನೋವೇ ಇಲ್ಲವಲ್ಲ, ಬಂದರೆ ನೋಡೋಣ’ ಎಂದು ಚೀಟಿ ಜೇಬು ಸೇರುತ್ತದೆ. ಎಡವಟ್ಟಾಗುವುದು ಅಲ್ಲೇ.

ದಂತವೈದ್ಯರು ಹೆಚ್ಚಾಗಿ ಬಳಸುವ ಅರಿವಳಿಕೆ ಲಿಡೋಕೇನ್. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದ ಔಷಧ ಅದು. ಚುಚ್ಚಿದ ಕೆಲವೇ ನಿಮಿಷಗಳಲ್ಲಿ ನರ ಸುಮ್ಮನಾಗುತ್ತದೆ. ಅದಕ್ಕೆ ತುಸು ಅಡ್ರಿನಲಿನ್ ಬೆರೆಸಿರುತ್ತಾರೆ: ಸಾಮಾನ್ಯವಾಗಿ 80 ಸಾವಿರ ಅಥವಾ ಒಂದು ಲಕ್ಷ ಪಾಲಿಗೆ ಒಂದು ಪಾಲು. ರಕ್ತನಾಳಗಳು ಬಿಗಿದುಕೊಂಡು ಔಷಧ ಬೇಗ ಕೊಚ್ಚಿಹೋಗುವುದಿಲ್ಲ, ರಕ್ತವೂ ಕಡಿಮೆ ಸೋರುತ್ತದೆ. ಸೂಜಿ ಹಾಕಿದ ಮೇಲೆ ಎದೆ ಡವಗುಟ್ಟಿದರೆ ಕಾರಣ ಭಯವೊಂದೇ ಅಲ್ಲ, ಈ ಅಡ್ರಿನಲಿನ್ ಕೂಡ ಇರಬಹುದು.

ಇಷ್ಟಾದರೂ ಮೂರರಿಂದ ಐದು ಗಂಟೆಗಳಲ್ಲಿ ತುಟಿಯ ಮಂಪರು ಇಳಿಯುತ್ತದೆ. ಮೂಳೆ ಕೊರೆದು ತೆಗೆದ ಹಲ್ಲಿನ ನೋವು ಜೋರಾಗುವುದು ಹೆಚ್ಚುಕಡಿಮೆ ಆ ಹೊತ್ತಿಗೇ. ಹಾಗಾಗಿ ಕೆಲವು ವೈದ್ಯರು ಲಿಡೋಕೇನಿನಲ್ಲಿ ಕೆಲಸ ಆರಂಭಿಸಿ, ಕೊನೆಗೆ ಬುಪಿವಕೇನ್ ಎಂಬ ಇನ್ನೊಂದು ಅರಿವಳಿಕೆ ಕೊಡುತ್ತಾರೆ. ಇದು ನಿಧಾನವಾಗಿ ಹತ್ತುತ್ತದೆ, ಆದರೆ ಕೆಳದವಡೆಯನ್ನು ಎಂಟು-ಒಂಬತ್ತು ಗಂಟೆಯವರೆಗೂ ಮರಗಟ್ಟಿಸಿ ಇಡಬಲ್ಲದು. ಎರಡನ್ನೂ ಒಂದೇ ಸಿರಿಂಜಿನಲ್ಲಿ ಬೆರೆಸುವುದು ನನಗೆ ಒಪ್ಪಿಗೆಯಿಲ್ಲ. ಒಂದು ಇನ್ನೊಂದನ್ನು ತೆಳುವಾಗಿಸುತ್ತದೆ ಅಷ್ಟೇ. ಬೇರೆಬೇರೆಯಾಗಿ ಕೊಟ್ಟರೂ ವಿಷಪರಿಣಾಮದ ಲೆಕ್ಕ ಮಾತ್ರ ಒಂದೇ. ಒಂದರ ಪೂರ್ತಿ ಪ್ರಮಾಣ ಮುಗಿಸಿ ಇನ್ನೊಂದರ ಪೂರ್ತಿ ಪ್ರಮಾಣ ಕೊಡುವಂತಿಲ್ಲ.

ಅಲುಗಾಡುವ ಹಲ್ಲೊಂದನ್ನು ಸಲೀಸಾಗಿ ಕಿತ್ತದ್ದಕ್ಕೆ ಇಷ್ಟೆಲ್ಲ ಬೇಕಿಲ್ಲ. ಚಿಕ್ಕ ಮಕ್ಕಳಿಗಂತೂ ದೀರ್ಘಕಾಲದ ಅರಿವಳಿಕೆ ಬೇಡವೇ ಬೇಡ. ಅರಿವಿಲ್ಲದ ತುಟಿಯನ್ನು ಮಗು ಆಟದಂತೆ ಅಗಿಯುತ್ತ ಕೂರುತ್ತದೆ. ಮರುದಿನ ಅದು ಊದಿ, ಬಿಳಿಯ ಹುಣ್ಣಾಗಿರುತ್ತದೆ. ದೊಡ್ಡವರೂ ಮಂಪರು ಇಳಿಯುವವರೆಗೆ ಬಿಸಿ ಪಾನೀಯ ಕುಡಿಯಬಾರದು.

ಇನ್ನು ಮಾತ್ರೆ. ತುಟಿಯಂಚಿನಲ್ಲಿ ಜುಮುಗುಟ್ಟುವುದು ಶುರುವಾಗುವ ಮೊದಲೇ ಅದು ಹೊಟ್ಟೆ ಸೇರಿರಬೇಕು. ಕೆಲಸ ಮಾಡಲು ಅದಕ್ಕೂ ಅರ್ಧ-ಮುಕ್ಕಾಲು ಗಂಟೆ ಬೇಕು. ಐಬುಪ್ರೊಫೆನ್, ಪ್ಯಾರಸಿಟಮಾಲ್ ಎರಡನ್ನೂ ಒಟ್ಟಿಗೆ ಕೊಟ್ಟರೆ ಒಂದನ್ನೇ ಕೊಟ್ಟದ್ದಕ್ಕಿಂತ ಚೆನ್ನಾಗಿ ನೋವು ತಗ್ಗುತ್ತದೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಆಸ್ತಮಾ ಇರುವವರು, ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು, ಗರ್ಭಿಣಿಯರು ಐಬುಪ್ರೊಫೆನ್ ಮುಟ್ಟುವ ಮೊದಲು ವೈದ್ಯರನ್ನು ಕೇಳಬೇಕು. ನೆಗಡಿಯ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಅಡಗಿರುತ್ತದೆ, ಪೊಟ್ಟಣ ಓದಿ. ಆಸ್ಪಿರಿನ್ ಮಾತ್ರೆಯನ್ನು ಒಸಡಿನ ಮೇಲೆ ಒತ್ತಿಡುವವರೂ ಇದ್ದಾರೆ. ಒಸಡು ಸುಡುತ್ತದೆ, ನೋವು ಹೋಗುವುದಿಲ್ಲ.

ಕಡಿಮೆಯಾಗುತ್ತಿದ್ದ ನೋವು ಮೂರು-ನಾಲ್ಕನೆಯ ದಿನ ಮತ್ತೆ ಏರಿ ಕಿವಿಯವರೆಗೂ ಎಳೆದರೆ, ಬಾಯಿ ವಾಸನೆ ಬಂದರೆ, ಹಲ್ಲಿದ್ದ ಗುಳಿಯ ರಕ್ತದ ಹೆಪ್ಪು ಕಳಚಿರಬಹುದು. ಮಾತ್ರೆ ಹೆಚ್ಚಿಸುತ್ತ ಕೂರಬೇಡಿ. ವೈದ್ಯರು ಗುಳಿಯನ್ನು ತೊಳೆದು ಔಷಧ ತುಂಬಿದರೆ ಬೇಗನೆ ಹಾಯೆನಿಸುತ್ತದೆ. ಮರುದಿನವೂ ತುಟಿ ಮರಗಟ್ಟಿಯೇ ಇದ್ದರೆ ಅದನ್ನೂ ಅವರಿಗೆ ತಿಳಿಸಿ. ನಮಸ್ಕಾರ.