ಹಸಿರು ಶಾಲು ವಿಧಾನಸೌಧದ ಒಳಗೆ ಹೋದ ಮೇಲೆ

ನಮಸ್ಕಾರ. 2023ರ ಮೇ ತಿಂಗಳಲ್ಲಿ ವಿಧಾನಸಭೆ ಫಲಿತಾಂಶ ಬಂದ ದಿನ ಎಲ್ಲರ ಕಣ್ಣೂ ಕಾಂಗ್ರೆಸ್ಸಿನ 135 ಸೀಟುಗಳ ಮೇಲಿತ್ತು. ಮುಖ್ಯಮಂತ್ರಿ ಯಾರು ಅನ್ನುವುದೇ ದೊಡ್ಡ ಸುದ್ದಿ. ಅದರ ನಡುವೆ ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ ಸರ್ವೋದಯ ಕರ್ನಾಟಕ ಪಕ್ಷ ಗೆದ್ದಿತು. ಅದು ರೈತ ಸಂಘದ, ಅಂದರೆ ಹಸಿರು ಶಾಲಿನವರ, ರಾಜಕೀಯ ಪಕ್ಷ. 224 ಜನರ ಸದನದಲ್ಲಿ ಅದಕ್ಕೆ ಸಿಕ್ಕಿದ್ದು ಒಂದೇ ಕುರ್ಚಿ. ಗೆದ್ದವರು ದರ್ಶನ್ ಪುಟ್ಟಣ್ಣಯ್ಯ.

ಅವತ್ತಿನಿಂದ ಒಂದು ಮಾತು ಆಗಾಗ ಕೇಳಿಸುತ್ತದೆ. ಚಳವಳಿಯಿಂದ ಬಂದ ಶಾಸಕರ ಪ್ರಭಾವ ಬೆಳೆಯುತ್ತಿದೆ, ರೈತರಿಗೆ ಮತ್ತೆ ದನಿ ಬಂತು, ಅಂತ. ಬೆಳೆಯಲಿ, ಬೇಡ ಅನ್ನುವವರು ಯಾರು? ಆದರೆ ಎಲ್ಲಿ ಬೆಳೆಯುತ್ತಿದೆ ಅನ್ನುವುದು ನನ್ನ ಪ್ರಶ್ನೆ. ಮಂತ್ರಿಗಳ ಕೊಠಡಿಯಲ್ಲಾ, ಕ್ಷೇತ್ರದ ಕಾಮಗಾರಿಗಳಲ್ಲಾ, ಇಲ್ಲಾ ಚಳವಳಿ ಎತ್ತಿದ ಬೇಡಿಕೆಯಲ್ಲಾ? ಮೂರೂ ಒಂದೇ ಅಲ್ಲ. ಮೊದಲ ಎರಡು ಬೆಳೆದಷ್ಟೂ ಮೂರನೆಯದು ಸೊರಗಿದ ಉದಾಹರಣೆ ನಮ್ಮಲ್ಲೇ ಇದೆ.

ಸ್ವಲ್ಪ ಹಿಂದೆ ಹೋಗೋಣ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು, ಅಂದರೆ ಒಡೆಯರ ಜಮೀನು ಉಳುವ ರೈತರು, ಎದ್ದು ನಿಂತರು. ಜಗಳ ಶುರುವಾಗಿದ್ದು ಗೇಣಿ ಭತ್ತ ಅಳೆಯುವ ಕೊಳಗದ ವಿಷಯಕ್ಕೆ. ಒಡೆಯರ ಕೊಳಗ ದೊಡ್ಡದು, ಅದರಲ್ಲಿ ಅಳೆದರೆ ರೈತನಿಗೆ ನಷ್ಟ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೇ ಅಲ್ಲಿಗೆ ಬಂದು ಬಂಧನಕ್ಕೆ ಒಳಗಾದರು. ಮರುವರ್ಷ ಚುನಾವಣೆ ಬಂತು. ಸೋಷಲಿಸ್ಟ್ ಪಕ್ಷದಿಂದ ಶಾಂತವೇರಿ ಗೋಪಾಲಗೌಡರು ನಿಂತರು. ಇನ್ನೂ ಮೂವತ್ತು ತುಂಬಿರಲಿಲ್ಲ, ಕೈಯಲ್ಲಿ ದುಡ್ಡಿರಲಿಲ್ಲ. ಗೆದ್ದು ಶಾಸಕರಾದರು.

ಗೆದ್ದ ಗೋಪಾಲಗೌಡರ ಪ್ರಭಾವ ಎಷ್ಟಿತ್ತು? ಇವತ್ತಿನ ಲೆಕ್ಕದಲ್ಲಿ ನೋಡಿದರೆ ಏನೂ ಇಲ್ಲ. ಜೀವನದಲ್ಲಿ ಒಮ್ಮೆಯೂ ಮಂತ್ರಿ ಆಗಲಿಲ್ಲ. 1957ರಲ್ಲಿ ಸೋತರು. ಮತ್ತೆ ಗೆದ್ದಾಗಲೂ ವಿರೋಧ ಪಕ್ಷದ ಬೆಂಚೇ. ಆದರೆ ಉಳುವವನಿಗೆ ಭೂಮಿ ಸಿಗಬೇಕು ಅನ್ನುವ ಮಾತನ್ನು ಸದನದಲ್ಲಿ ಬಿಡದೆ ಆಡಿದರು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಡಿ ಅಂತಲೂ ಕೇಳುತ್ತಲೇ ಇದ್ದರು. 1972ರಲ್ಲಿ ತೀರಿಕೊಂಡರು. 1973ರಲ್ಲಿ ರಾಜ್ಯದ ಹೆಸರು ಬದಲಾಯಿತು. 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂ ಸುಧಾರಣೆ ತಿದ್ದುಪಡಿ ಜಾರಿಗೆ ಬಂತು, ತಾವು ಉಳುತ್ತಿದ್ದ ಭೂಮಿಯ ಹಕ್ಕು ಕೇಳಿ ಗೇಣಿದಾರರು ಭೂ ನ್ಯಾಯಮಂಡಳಿ ಮುಂದೆ ಅರ್ಜಿ ಹಿಡಿದು ನಿಂತರು. ಆ ಅರ್ಜಿಯ ಹಿಂದೆ ಕಾಗೋಡಿನ ಕೊಳಗ ಇತ್ತು. ಇಂಥ ಪ್ರಭಾವವನ್ನು ಐದು ವರ್ಷದ ರಿಪೋರ್ಟ್ ಕಾರ್ಡಿನಲ್ಲಿ ಹೇಗೆ ಬರೆಯುತ್ತೀರಿ?

ಈಗ ರೈತ ಸಂಘದ ಕಥೆಗೆ ಬನ್ನಿ. 1980ರ ಜುಲೈ 21. ಮಲಪ್ರಭಾ ನೀರಾವರಿ ಪ್ರದೇಶದ ರೈತರು ಅಭಿವೃದ್ಧಿ ಕರ, ನೀರಿನ ಕರದ ವಿರುದ್ಧ ತಿರುಗಿ ಬಿದ್ದಿದ್ದರು. ನೀರು ಸರಿಯಾಗಿ ಬಂದಿಲ್ಲ, ಕರ ಮಾತ್ರ ಬಂದಿದೆ. ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಯಿತು, ರೈತರು ಸತ್ತರು. ಅದೇ ವರ್ಷ ರೈತ ಸಂಘ ಹುಟ್ಟಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅಂಥವರು ಅದನ್ನು ಕಟ್ಟಿದರು. ಸಾಲಕ್ಕೆ ಅಂತ ಮನೆಯ ಸಾಮಾನು ಜಪ್ತಿ ಮಾಡಿದರೆ ರೈತರು ಹೋಗಿ ಮರುಜಪ್ತಿ ಮಾಡಿಕೊಂಡು ಬರುತ್ತಿದ್ದರು. ಅಪ್ಪಣೆ ಇಲ್ಲದೆ ಅಧಿಕಾರಿಗಳು ಒಳಗೆ ಬರುವಂತಿಲ್ಲ ಅಂತ ಊರ ಬಾಗಿಲಲ್ಲೇ ಬೋರ್ಡ್ ಹಾಕಿದರು. ಹಸಿರು ಶಾಲು ಕಂಡರೆ ಸರ್ಕಾರಿ ಕಚೇರಿಯಲ್ಲಿ ಕುರ್ಚಿ ಕೊಡುವ ಕಾಲ ಬಂತು.

1983ರಲ್ಲಿ ಗುಂಡೂರಾವ್ ಅವರ ಕಾಂಗ್ರೆಸ್ ಸರ್ಕಾರ ಹೋಯಿತು. ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂತು. ರೈತರ ಸಿಟ್ಟು ಅದಕ್ಕೆ ಒಂದು ದೊಡ್ಡ ಕಾರಣ. ಗಮನಿಸಿ, ಆಗ ರೈತ ಸಂಘಕ್ಕೆ ಸದನದಲ್ಲಿ ಒಬ್ಬ ಶಾಸಕನೂ ಇರಲಿಲ್ಲ.

ಶಾಸಕರು ಸಿಕ್ಕಿದ್ದು 1989ರಲ್ಲಿ. ಬಾಬಾಗೌಡ ಪಾಟೀಲರು ಕಿತ್ತೂರು, ಧಾರವಾಡ ಗ್ರಾಮಾಂತರ ಎರಡೂ ಕಡೆ ಗೆದ್ದರು. ಬಿಟ್ಟುಕೊಟ್ಟ ಧಾರವಾಡದಿಂದ ನಂಜುಂಡಸ್ವಾಮಿ ಉಪಚುನಾವಣೆಯಲ್ಲಿ ಗೆದ್ದು ಬಂದರು. ಎಂಥ ಜೋಡಿ! ಆದರೆ ಮುಂದೇನಾಯಿತು? ಸಂಘ ಒಡೆಯಿತು. ಬಾಬಾಗೌಡರು ಬಿಜೆಪಿ ಸೇರಿ 1998ರಲ್ಲಿ ಬೆಳಗಾವಿಯಿಂದ ಸಂಸದರಾದರು, ವಾಜಪೇಯಿ ಸರ್ಕಾರದಲ್ಲಿ ಮಂತ್ರಿಯೂ ಆದರು. ಅಧಿಕಾರದ ಲೆಕ್ಕದಲ್ಲಿ ರೈತ ಚಳವಳಿಯಿಂದ ಬಂದು ಅಷ್ಟು ಮೇಲೆ ಹೋದವರು ಅಪರೂಪ. ಆದರೆ ದೆಹಲಿಯ ಆ ಕುರ್ಚಿಯಿಂದ ಚಳವಳಿಗೆ ಸಿಕ್ಕಿದ್ದೇನು ಅಂತ ಕೇಳಿದರೆ ನನಗೆ ಉತ್ತರ ಸಿಗುವುದಿಲ್ಲ. ಅವರನ್ನು ಬೈಯುವುದು ಸುಲಭ. ನನಗೆ ಅದರಲ್ಲಿ ಆಸಕ್ತಿ ಇಲ್ಲ. ಗೆದ್ದವರನ್ನು ಹಿಡಿದು ನಿಲ್ಲಿಸುವ ಶಕ್ತಿ ಸಂಘಕ್ಕೆ ಯಾಕಿರಲಿಲ್ಲ ಅನ್ನುವುದು ಮುಖ್ಯ.

ಈ ಹಿನ್ನೆಲೆಯಲ್ಲಿ ಮೇಲುಕೋಟೆ ನೋಡಿ. ದರ್ಶನ್ ಅವರ ತಂದೆ, ರೈತ ಸಂಘದ ನಾಯಕ ಕೆ.ಎಸ್. ಪುಟ್ಟಣ್ಣಯ್ಯ 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆಯಿಂದ ಗೆದ್ದಿದ್ದರು. ನಡುವೆ ಸೋಲುಗಳೂ ಇದ್ದವು. ಶಾಸಕರಾಗಿದ್ದಾಗಲೂ, ಇಲ್ಲದಾಗಲೂ ಹಸಿರು ಶಾಲು ಹೆಗಲಿನಿಂದ ಇಳಿಯಲಿಲ್ಲ. 2018ರ ಫೆಬ್ರವರಿಯಲ್ಲಿ ಹಠಾತ್ತಾಗಿ ತೀರಿಕೊಂಡರು. ಅಮೆರಿಕದಲ್ಲಿ ಸಾಫ್ಟ್‌ವೇರ್ ಉದ್ಯಮ ನಡೆಸುತ್ತಿದ್ದ ಮಗ ಬಂದು ಆ ವರ್ಷವೇ ಚುನಾವಣೆಗೆ ನಿಂತು ಸೋತರು. ಐದು ವರ್ಷ ಬಿಟ್ಟು ಗೆದ್ದರು.

ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. ಉಳಿದ ಪಕ್ಷಗಳಲ್ಲಿ ಅಪ್ಪನ ಕುರ್ಚಿಗೆ ಮಗ ಬಂದರೆ ಕುಟುಂಬ ರಾಜಕಾರಣ ಅನ್ನುತ್ತೇವೆ. ಚಳವಳಿಯಲ್ಲಿ ಬಂದರೆ ಪರಂಪರೆ ಅನ್ನುತ್ತೇವೆ. ಅದು ಹೇಗೆ? ನಲವತ್ತು ವರ್ಷ ಬೀದಿಯಲ್ಲಿದ್ದ ಸಂಘಕ್ಕೆ ಗೆಲ್ಲುವ ಅಭ್ಯರ್ಥಿ ಒಂದು ಮನೆಯಲ್ಲೇ ಸಿಗಬೇಕಾ? ದರ್ಶನ್ ಅವರ ಯೋಗ್ಯತೆ ಬಗ್ಗೆ ಹೇಳುತ್ತಿಲ್ಲ. ಸೋತ ಮೇಲೂ ಬಿಡದೆ ಮತ್ತೆ ನಿಂತವರು ಅವರು. ಆದರೆ ಸಂಘ ಈ ಪ್ರಶ್ನೆಗೆ ಉತ್ತರ ಹುಡುಕದಿದ್ದರೆ ಪ್ರಭಾವ ಒಬ್ಬರ ಹೆಸರಿಗೆ ಸೇರುತ್ತದೆ, ಸಂಘಕ್ಕಲ್ಲ.

ಇನ್ನೊಂದು ಕಗ್ಗಂಟು ಇದೆ. ಅದು ಇದಕ್ಕಿಂತ ದೊಡ್ಡದು. 2023ರಲ್ಲಿ ಮೇಲುಕೋಟೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿ ಹಾಕಲಿಲ್ಲ, ದರ್ಶನ್ ಅವರಿಗೆ ಬೆಂಬಲ ಕೊಟ್ಟಿತು. ಚುನಾವಣೆ ಅಂದ ಮೇಲೆ ಹೊಂದಾಣಿಕೆ ಇದ್ದದ್ದೇ. ಆದರೆ ಆ ಪಕ್ಷವೇ ಈಗ ಸರ್ಕಾರ. 1974ರ ಆ ಕಾನೂನು ನೆನಪಿದೆಯಲ್ಲ? ಅದೇ ಭೂ ಸುಧಾರಣೆ ಕಾಯ್ದೆಗೆ 2020ರಲ್ಲಿ ಬಿಜೆಪಿ ಸರ್ಕಾರ ತಿದ್ದುಪಡಿ ತಂತು. 79ಎ, 79ಬಿ ಕಲಂಗಳನ್ನು ತೆಗೆಯಿತು. ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಲು ದಾರಿಯಾಯಿತು. ಆಗ ರೈತ ಸಂಘ ಬೀದಿಗಿಳಿಯಿತು. ಕಾಂಗ್ರೆಸ್ಸೂ ಸದನದಲ್ಲಿ ವಿರೋಧಿಸಿತು. ಅಂದಮೇಲೆ ಚಳವಳಿಯಿಂದ ಹೋದ ಶಾಸಕ ಮೊದಲು ಕೇಳಬೇಕಾದ್ದು ಇದನ್ನೇ ಅಲ್ವಾ? ಸೀಟು ಬಿಟ್ಟುಕೊಟ್ಟವರನ್ನೇ ಎದ್ದು ನಿಂತು ಕೇಳಬೇಕು. ಮರುದಿನ ಕ್ಷೇತ್ರದ ರಸ್ತೆಗೆ ಅನುದಾನ ಕೇಳಲು ಅವರ ಹತ್ತಿರವೇ ಹೋಗಬೇಕು.

ಜನರೂ ಸುಮ್ಮನೆ ಇರುವುದಿಲ್ಲ. ಶಾಸಕ ಅಂದ ಮೇಲೆ ವರ್ಗಾವಣೆಗೆ ಶಿಫಾರಸು ಪತ್ರ ಬೇಕು. ಸರ್ಕಾರಿ ಜಮೀನಿನಲ್ಲಿ ಅನುಮತಿ ಇಲ್ಲದೆ ಸಾಗುವಳಿ ಮಾಡಿದವರ ಅರ್ಜಿ ನೋಡುವ ಬಗರ್ ಹುಕುಂ ಸಮಿತಿಗೆ ಶಾಸಕರೇ ಅಧ್ಯಕ್ಷರು, ಅಲ್ಲಿ ತಮ್ಮ ಫೈಲು ಮುಂದೆ ಹೋಗಬೇಕು. ಸಮುದಾಯ ಭವನ ಬೇಕು. ಇದರಲ್ಲೇ ಒಬ್ಬ ಶಾಸಕನ ದಿನ ಮುಗಿದುಹೋಗುತ್ತದೆ. ನಿನ್ನೆ ತಹಶೀಲ್ದಾರ್ ಕಚೇರಿ ಮುಂದೆ ಕೂತಿದ್ದ ಕಾರ್ಯಕರ್ತ ಇವತ್ತು ಶಾಸಕರ ಮನೆ ಮುಂದೆ ಕೂತಿರುತ್ತಾನೆ. ಚಳವಳಿ ಸಾಯುವುದು ಪೊಲೀಸರ ಲಾಠಿಯಿಂದಲ್ಲ ಸ್ವಾಮಿ, ಶಾಸಕರ ಮನೆ ಮುಂದಿನ ಈ ಸರತಿ ಸಾಲಿನಿಂದ.

ಬೀದಿಯ ಬಲಕ್ಕೆ ತೀರಾ ಹಳೆಯ ಉದಾಹರಣೆಯೇ ಬೇಕಿಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿ. 13 ಹಳ್ಳಿಗಳ 1,777 ಎಕರೆ ಜಮೀನನ್ನು ಏರೋಸ್ಪೇಸ್ ಪಾರ್ಕಿಗೆ ಸ್ವಾಧೀನ ಮಾಡಿಕೊಳ್ಳಲು ಸರ್ಕಾರ ಹೊರಟಿತ್ತು. ರೈತರು 2022ರಿಂದ ಮೂರು ವರ್ಷಕ್ಕೂ ಜಾಸ್ತಿ ಧರಣಿ ಕೂತರು. ನಡುವೆ ಸರ್ಕಾರವೇ ಬದಲಾಯಿತು, ಧರಣಿ ಬದಲಾಗಲಿಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿದ್ದೇವೆ ಅಂತ ಘೋಷಿಸಿದರು. ಆ ಧರಣಿಯಿಂದ ಗೆದ್ದು ಹೋದ ಶಾಸಕ ಒಬ್ಬರೂ ಇರಲಿಲ್ಲ.

ಹಾಗಾದರೆ ಒಬ್ಬ ಶಾಸಕ ಇದ್ದು ಏನು ಉಪಯೋಗ ಅಂತ ನೀವು ಕೇಳಬಹುದು. ಉಪಯೋಗ ಇದೆ, ತುಂಬಾ ಇದೆ. ಬೀದಿಯಲ್ಲಿ ನಿಂತವನಿಗೆ ಮಂತ್ರಿ ಭರವಸೆ ಕೊಟ್ಟು ಕಾರು ಹತ್ತಬಹುದು. ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಕೇಳಿದರೆ ಮಂತ್ರಿ ಎದ್ದು ನಿಂತು ಉತ್ತರ ಕೊಡಬೇಕು. ಅದು ದಾಖಲೆ ಆಗುತ್ತದೆ. ಗಮನ ಸೆಳೆಯುವ ಸೂಚನೆ ಇದೆ, ಮಂತ್ರಿಯಲ್ಲದ ಶಾಸಕರೂ ತರಬಹುದಾದ ಖಾಸಗಿ ಮಸೂದೆ ಇದೆ. ಖಾಸಗಿ ಮಸೂದೆ ಪಾಸಾಗುವುದು ದೂರದ ಮಾತು. ಆದರೆ ಯಾರು ಏನು ಹೇಳಿ ಬೇಡ ಅಂದರು ಅನ್ನುವುದಾದರೂ ಉಳಿಯುತ್ತದೆ. ಆ ಕಾಗದ ಹೊರಗೆ ನಿಂತ ಸಂಘದ ಕೈಗೆ ಬರಬೇಕು. ಹಳ್ಳಿ ಹಳ್ಳಿಯ ಸಭೆಯಲ್ಲಿ ಓದಬೇಕು. ಶಾಸಕ ಒಳಗಿನಿಂದ ಕೊಟ್ಟಿದ್ದನ್ನು ಸಂಘ ಹೊರಗೆ ಹಿಡಿದು ಜಗ್ಗಬೇಕು. ಶಾಸಕರೇ ಜಾರಿದರೆ ಅವರ ಮನೆ ಮುಂದೆಯೂ ಧರಣಿ ಕೂರುವ ಧೈರ್ಯ ಬೇಕು. ಸಂಘದವರೇ ಸಂಘದ ಶಾಸಕರ ವಿರುದ್ಧ ಕೂರುವುದಾ ಅಂತ ಮೂಗು ಮುರಿಯಬೇಡಿ. ಹಾಗೆ ಕೂರಬಲ್ಲ ಸಂಘ ಇದ್ದರೆ ಮಾತ್ರ ಮುಖ್ಯಮಂತ್ರಿ ಆ ಒಬ್ಬ ಶಾಸಕನ ಮಾತಿಗೆ ಬೆಲೆ ಕೊಡುತ್ತಾರೆ. ಇಲ್ಲದಿದ್ದರೆ 224ರಲ್ಲಿ ಒಂದು ತಲೆ, ಅಷ್ಟೇ.

ಮುಂದಿನ ಚುನಾವಣೆ 2028ಕ್ಕೆ. ಆಗ ಎಷ್ಟು ಕಿಲೋಮೀಟರ್ ರಸ್ತೆ ಆಯಿತು ಅಂತ ಪಟ್ಟಿ ಬರುತ್ತದೆ, ಎಲ್ಲ ಪಕ್ಷಗಳದ್ದೂ ಬರುತ್ತದೆ. ಮೇಲುಕೋಟೆಯವರು ಯಾರಾದರೂ ಇದನ್ನು ಕೇಳುತ್ತಿದ್ದರೆ ಒಂದು ಕೆಲಸ ಮಾಡಿ. ಮುಂದಿನ ಸಲ ಶಾಸಕರ ಕಚೇರಿಗೆ ಹೋದಾಗ ಶಿಫಾರಸು ಪತ್ರದ ಜೊತೆ ಇನ್ನೊಂದನ್ನೂ ಕೇಳಿ. 79ಎ, 79ಬಿ ಬಗ್ಗೆ ನೀವು ಸದನದಲ್ಲಿ ಏನು ಕೇಳಿದಿರಿ, ಸರ್ಕಾರ ಏನು ಉತ್ತರ ಕೊಟ್ಟಿತು, ಅದರ ಒಂದು ಪ್ರತಿ ಕೊಡಿ ಅಂತ. ಸಿಕ್ಕಿದರೆ ಕಾಮೆಂಟಿನಲ್ಲಿ ಹಾಕಿ, ಮುಂದಿನ ಸಂಚಿಕೆಯಲ್ಲಿ ನಾನೇ ಓದುತ್ತೇನೆ.